ಛೇದ ಬೇರೆಯಾದಾಗ ಕೂಡುವುದು ಹೇಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮಹೋತ್ಸವ ಸಮಿತಿಯವರು ಫೋನ್ ಮಾಡಿ, “ನೀನು ಬಿ.ಇ. ಓದಿ ಸಾಫ್ಟ್‌ವೇರ್‌ನಲ್ಲಿದ್ದೀಯಪ್ಪ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ಏನಾದರೂ ಹೇಳು” ಎಂದರು. ಆಗಲಿ ಎಂದೆ. ಆಮೇಲೆ ಯೋಚಿಸಿ ನೋಡಿದರೆ, ಕಂಪ್ಯೂಟರ್ ಬಗ್ಗೆ ಹೇಳುವುದಕ್ಕೆ ನನಗಿಂತ ಬಲ್ಲವರು ಮಕ್ಕಳ ಕೈಯಲ್ಲಿರುವ ಮೊಬೈಲ್‌ನಲ್ಲೇ ಸಿಗುತ್ತಾರೆ. ನಾನು ಈ ಶಾಲೆಯಲ್ಲೇ ಕಲಿತು, ಇವತ್ತಿಗೂ ದಿನಾ ಬಳಸುತ್ತಿರುವುದು ಒಂದು ಲೆಕ್ಕ. ಬೀಜಗಣಿತದ ಲೆಕ್ಕ. ಛೇದ ಬೇರೆ ಬೇರೆ ಇರುವ ಎರಡು ಭಿನ್ನರಾಶಿಗಳನ್ನು ಕೂಡುವುದು. ಜಾತ್ರೆಯಂಥ ದಿನ ಇದೆಂಥ ಮಾತು ಎಂದು ಹಿರಿಯರು ಬೇಸರ ಮಾಡಿಕೊಳ್ಳಬಾರದು. ಈ ಲೆಕ್ಕದ ಜೊತೆ ನಾನು ಒಪ್ಪಿಕೊಳ್ಳಬೇಕಾದ ಒಂದು ತಪ್ಪೂ ಇದೆ. ಅದನ್ನು ಹೇಳಲಿಕ್ಕೆ ಈ ಅಂಗಳಕ್ಕಿಂತ ಸರಿಯಾದ ಜಾಗ ಇಲ್ಲ.

ಒಂದು ಸೂಚನೆ. ತರಗತಿಯಲ್ಲಿ ನಾವು ಎಕ್ಸ್, ವೈ ಎಂದು ಬರೆಯುತ್ತೇವೆ. ನಾನು ಇವತ್ತು ಎಕ್ಸ್ ಬದಲು ‘ಯ’, ವೈ ಬದಲು ‘ಕ’ ಎಂದು ಬರೆಯುತ್ತೇನೆ. ಇದು ನನ್ನ ಸೃಷ್ಟಿ ಅಲ್ಲ. ಭಾಸ್ಕರಾಚಾರ್ಯರಂಥ ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಮೊದಲ ಸಂಖ್ಯೆಯನ್ನು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದು ಬರೆಯುತ್ತಿದ್ದರು. ‘ಎಷ್ಟಿದೆಯೋ ಅಷ್ಟು’ ಎಂದು ಅದರ ಅರ್ಥ. ಎರಡನೆಯದಕ್ಕೆ ‘ಕಾಲಕ’, ಮೂರನೆಯದಕ್ಕೆ ‘ನೀಲಕ’, ಆಮೇಲೆ ‘ಪೀತಕ’, ಹೀಗೆ ಬಣ್ಣಗಳ ಹೆಸರು. ಎಕ್ಸ್ ಕಂಡರೆ ಹೆದರುವ ಮಕ್ಕಳು ನೆನಪಿಡಬೇಕಾದದ್ದು ಇಷ್ಟೇ: ಅದು ಎಷ್ಟಿದೆಯೋ ಅಷ್ಟು. ಅಂದರೆ ಅದೂ ಒಂದು ಸಂಖ್ಯೆಯೇ.

ಈಗ ನನ್ನ ಒಂಬತ್ತನೇ ತರಗತಿಗೆ ಬರೋಣ. ಆಗ ನಮ್ಮ ತರಗತಿ ಇದ್ದದ್ದು ಆ ಹೆಂಚಿನ ಕೊಠಡಿಯಲ್ಲಿ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ 1/ಯ + 1/ಕ ಎಂದು ಬರೆದು ನನ್ನನ್ನು ಕರೆದರು. ನಾನು ಧೈರ್ಯವಾಗಿ ಹೋಗಿ 2/(ಯ + ಕ) ಎಂದು ಬರೆದು ಸೀಮೆಸುಣ್ಣ ಕೊಟ್ಟು ನಿಂತೆ.

“ಯಾಕೋ ಹೀಗೆ?” ಎಂದರು.

“ಮೇಲಿನದನ್ನ ಮೇಲೆ ಕೂಡಿದೆ, ಕೆಳಗಿನದನ್ನ ಕೆಳಗೆ ಕೂಡಿದೆ ಸರ್.”

“ಹಾಗೆ ಕೂಡಬಹುದು ಅಂತ ಯಾರು ಹೇಳಿದ್ರು?”

“ಮಾರ್ಕ್ಸ್ ಕಾರ್ಡಿನಲ್ಲಿ ನೀವೇ ಹಾಗೆ ಕೂಡ್ತೀರಲ್ಲ ಸರ್. ಕನ್ನಡದಲ್ಲಿ 25ಕ್ಕೆ 18, ಗಣಿತದಲ್ಲಿ 25ಕ್ಕೆ 11. ಒಟ್ಟು 50ಕ್ಕೆ 29.”

ಇಡೀ ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಬೆತ್ತವನ್ನೂ ಮುಟ್ಟಲಿಲ್ಲ. “ಇವನು ಒಳ್ಳೇ ಪ್ರಶ್ನೆ ಕೇಳಿದಾನೆ. ಇವತ್ತು ಇದನ್ನೇ ನೋಡೋಣ, ಪಾಠ ನಾಳೆಗಿರಲಿ” ಎಂದರು. ಆ 40 ನಿಮಿಷ ನನ್ನ ಬದುಕಿನಲ್ಲಿ ಇನ್ನೂ ಮುಗಿದಿಲ್ಲ.

ಮೊದಲು ಅವರು ಮಾಡಿಸಿದ ಕೆಲಸ: “ಯ ಅಂದರೆ 2 ಅಂತ ಹಾಕು. ಕ ಅಂದರೂ 2 ಅಂತಲೇ ಹಾಕು.” ಎಡಗಡೆ ಅರ್ಧ ಮತ್ತು ಅರ್ಧ. ಕೂಡಿದರೆ 1. ನನ್ನ ಉತ್ತರದಲ್ಲಿ 2/4, ಅಂದರೆ ಅರ್ಧ. “ನಿಮ್ಮವ್ವ ತಟ್ಟೆಗೆ ಅರ್ಧ ರೊಟ್ಟಿ ಹಾಕಿ, ಆಮೇಲೆ ಇನ್ನರ್ಧ ಹಾಕಿದ್ರೆ ತಟ್ಟೇಲಿ ಅರ್ಧ ರೊಟ್ಟೀನೇ ಇರುತ್ತೇನೋ?” ಮತ್ತೆ ನಗು. “ಈಗ ಯ ಅಂದರೆ 2, ಕ ಅಂದರೆ 3 ಹಾಕು.” ಎಡಗಡೆ ಅರ್ಧ, ಅದಕ್ಕೆ ಮೂರನೇ ಒಂದು ಭಾಗ. ನನ್ನ ಉತ್ತರ 2/5. ಐದರಲ್ಲಿ ಎರಡು ಎಂದರೆ ಅರ್ಧಕ್ಕಿಂತಲೂ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತು! ನನ್ನ ಸೂತ್ರ ತಪ್ಪು ಎಂದು ಮೇಷ್ಟ್ರು ಹೇಳಲೇ ಇಲ್ಲ. ನನ್ನ ಕೈಯಿಂದಲೇ ನನಗೆ ತೋರಿಸಿದರು.

ಆದರೆ ಮಾರ್ಕ್ಸ್ ಕಾರ್ಡಿನ ಪ್ರಶ್ನೆ ಹಾಗೇ ಉಳಿದಿತ್ತು. ಅಲ್ಲಿ ಸರಿಯಾದದ್ದು ಇಲ್ಲಿ ಯಾಕೆ ತಪ್ಪು? ಮೇಷ್ಟ್ರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅಂಕಪಟ್ಟಿಯಲ್ಲಿ ಎರಡು ಪ್ರಶ್ನೆಪತ್ರಿಕೆಗಳಿವೆ. ಬಂದ ಅಂಕವನ್ನು ಕೂಡುವಾಗ ಒಟ್ಟು ಅಂಕವನ್ನೂ ಕೂಡುತ್ತೇವೆ. 50ಕ್ಕೆ 29 ಎಂದರೆ ಎರಡೂ ಪತ್ರಿಕೆ ಸೇರಿದ ದೊಡ್ಡ ಮೊತ್ತದಲ್ಲಿ ನನ್ನ ಪಾಲು. ಅಂದರೆ ಅಲ್ಲಿ ‘ಪೂರ್ಣ’ ಎಂಬುದೇ ಬದಲಾಗಿದೆ, ಒಂದು ರೊಟ್ಟಿ ಇದ್ದದ್ದು ಎರಡು ರೊಟ್ಟಿ ಆಗಿದೆ. ಎರಡು ರೊಟ್ಟಿಯ ಅರ್ಧ ಎಂದರೆ ಒಂದು ರೊಟ್ಟಿ, ಅದು ಸರಿಯೇ. ಆದರೆ ಭಿನ್ನರಾಶಿಗಳನ್ನು ಕೂಡುವಾಗ ಪೂರ್ಣ ಬದಲಾಗುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಅದೇ ಒಂದು ರೊಟ್ಟಿಯ ಅಳತೆ. ಆದ್ದರಿಂದ ಯಾವುದೇ ಲೆಕ್ಕಕ್ಕೆ ಕೈ ಹಾಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವುದರ ಭಾಗ?

ಛೇದ ಎಂಬ ಮಾತಿನ ಅರ್ಥವೇ ಕತ್ತರಿಸುವುದು. ಅಂಶ ಎಂದರೆ ಪಾಲು. ರೊಟ್ಟಿಯನ್ನು ಎಷ್ಟು ಸಮನಾದ ತುಂಡು ಮಾಡಿದ್ದೀರಿ ಎಂದು ಛೇದ ಹೇಳುತ್ತದೆ, ಅದರಲ್ಲಿ ಎಷ್ಟು ತುಂಡು ತೆಗೆದುಕೊಂಡಿರಿ ಎಂದು ಅಂಶ ಹೇಳುತ್ತದೆ. ತುಂಡಿನ ಅಳತೆ ಒಂದೇ ಇದ್ದರೆ ಎಣಿಸಿ ಕೂಡಬಹುದು. ಅಳತೆ ಬೇರೆ ಇದ್ದರೆ ಮೊದಲು ಒಂದೇ ಅಳತೆಯ ತುಂಡು ಮಾಡಿಕೊಳ್ಳಬೇಕು. ಅರ್ಧವನ್ನು ಆರನೇ ಮೂರು ಮಾಡಿ, ಮೂರನೇ ಒಂದನ್ನು ಆರನೇ ಎರಡು ಮಾಡಿ, ಕೂಡಿದರೆ ಆರನೇ ಐದು. ಅಕ್ಷರದಲ್ಲೂ ಇದೇ. 1/ಯ ಎಂಬುದರ ಮೇಲೂ ಕೆಳಗೂ ಕ ದಿಂದ ಗುಣಿಸಿ, 1/ಕ ಎಂಬುದರ ಮೇಲೂ ಕೆಳಗೂ ಯ ದಿಂದ ಗುಣಿಸಿ. ಉತ್ತರ (ಕ + ಯ)/(ಯ × ಕ). ಯ 2, ಕ 3 ಎಂದು ಹಾಕಿದರೆ 5/6. ತಾಳೆಯಾಯಿತು. ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ರೂಪ ಬದಲಾಗುತ್ತದೆ, ಬೆಲೆ ಬದಲಾಗುವುದಿಲ್ಲ. ನೂರರ ನೋಟನ್ನು ಹತ್ತರ ನೋಟುಗಳಾಗಿ ಚಿಲ್ಲರೆ ಮಾಡಿಸಿದ ಹಾಗೆ.

ಆ ಸಂಜೆ ಮನೆಗೆ ಹೋಗಿ ಅಜ್ಜನಿಗೆ ಇದನ್ನು ದೊಡ್ಡ ವಿದ್ಯೆ ಎಂಬಂತೆ ಹೇಳಿದೆ. ಅಜ್ಜ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. “ಅದಕ್ಕೇ ಅಲ್ಲವೇನೋ ಗುಂಟೆ ಇರೋದು” ಎಂದರು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಪಹಣಿ ನೋಡಿದವರಿಗೆಲ್ಲ ಗೊತ್ತು. ಅರ್ಧ ಎಕರೆ, ಕಾಲು ಎಕರೆ, ಎಕರೆಯ ಐದನೇ ಒಂದು ಭಾಗ, ಮೂರೂ ಕೂಡಿದರೆ ಎಷ್ಟು? ನಾನು ಕಾಗದ ಹುಡುಕುವಷ್ಟರಲ್ಲಿ ಅಜ್ಜ ಹೇಳಿದರು: 20, 10, 8. ಒಟ್ಟು 38 ಗುಂಟೆ. ಅಜ್ಜ ಛೇದವನ್ನು 40 ಮಾಡಿಕೊಂಡಿದ್ದರು, ಅಷ್ಟೇ. “ಮೂರು ಜನ ಅಣ್ಣತಮ್ಮಂದಿರು ಒಂದೆಕರೆ ಹಂಚಿಕೊಂಡ್ರೆ?” ಎಂದು ಕೆಣಕಿದೆ. “ತಲೆಗೆ 13 ಗುಂಟೆ 5 ಆಣೆ. ಒಂದಾಣೆ ಉಳೀತದೆ, ಅದಕ್ಕೇ ಜಗಳ” ಎಂದು ನಕ್ಕರು. 40 ಆಗಲಿ 16 ಆಗಲಿ ಮೂರರಿಂದ ಪೂರ್ತಿ ಭಾಗವಾಗುವುದಿಲ್ಲ. ಎಂಥ ಛೇದ ಆರಿಸಿಕೊಳ್ಳಬೇಕು ಎಂಬುದು ಎಷ್ಟು ಮುಖ್ಯ ಎಂದು ನನಗೆ ಅಲ್ಲಿ ತಿಳಿಯಿತು.

ಆ ಆರಿಸುವ ವಿಧಾನವನ್ನು ಹೇಳಿಕೊಟ್ಟವರಲ್ಲಿ ನಮ್ಮ ಕನ್ನಡ ನಾಡಿನವರೊಬ್ಬರ ಹೆಸರು ದೊಡ್ಡದು. ಕವಿರಾಜಮಾರ್ಗ ಎಂದ ಕೂಡಲೇ ನಮಗೆ ರಾಷ್ಟ್ರಕೂಟರ ನೃಪತುಂಗ ನೆನಪಾಗುತ್ತಾನೆ. ಅದೇ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಇದ್ದರು. ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಎಂಬ ಗ್ರಂಥ ಬರೆದು, ಅದರ ಆರಂಭದಲ್ಲಿ ಆ ರಾಜನನ್ನು ಹೊಗಳಿದ್ದಾರೆ. ರಾಜನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಪ್ರಕಟಿಸಿದರು.

ಭಿನ್ನರಾಶಿಗಳ ಭಾಗಕ್ಕೆ ಅದರಲ್ಲಿ ‘ಕಲಾಸವರ್ಣ’ ಎಂದು ಹೆಸರು. ಕಲಾ ಎಂದರೆ ಭಾಗ. ಸವರ್ಣ ಎಂದರೆ ಒಂದೇ ಬಣ್ಣದ್ದು. ಬೇರೆ ಬೇರೆ ಭಾಗಗಳನ್ನು ಒಂದೇ ಬಣ್ಣಕ್ಕೆ ತರುವುದು! ನಾವು ಲ.ಸಾ.ಅ. ಎನ್ನುವುದನ್ನು ಮಹಾವೀರಾಚಾರ್ಯರು ‘ನಿರುದ್ಧ’ ಎಂದು ಕರೆದರು. ಛೇದಗಳಲ್ಲಿ ಸಾಮಾನ್ಯವಾಗಿರುವ ಅಪವರ್ತನಗಳನ್ನು ತೆಗೆದು, ಉಳಿದವುಗಳ ಜೊತೆ ಗುಣಿಸಿದರೆ ನಿರುದ್ಧ ಸಿಗುತ್ತದೆ. 5/12 ಮತ್ತು 7/18 ಕೂಡಬೇಕು ಎನ್ನಿ. ಸುಮ್ಮನೆ 12ನ್ನು 18ರಿಂದ ಗುಣಿಸಿದರೆ 216. ಆಗ 90/216 ಮತ್ತು 84/216, ಒಟ್ಟು 174/216. ತಪ್ಪೇನಿಲ್ಲ, ಆದರೆ ಊರೆಲ್ಲ ಸುತ್ತಿ ಮನೆಗೆ ಬಂದ ಹಾಗೆ. ನಿರುದ್ಧದ ದಾರಿ ನೋಡಿ. 12ಕ್ಕೂ 18ಕ್ಕೂ ಸಾಮಾನ್ಯವಾದದ್ದು 6. 12ರಲ್ಲಿ ಉಳಿಯುವುದು 2, 18ರಲ್ಲಿ ಉಳಿಯುವುದು 3. 6 × 2 × 3 ಎಂದರೆ 36. ಈಗ 15/36 ಮತ್ತು 14/36, ಒಟ್ಟು 29/36. ಆ ಉದ್ದದ 174/216 ಎಂಬುದನ್ನು ಸಂಕ್ಷೇಪಿಸಿದರೂ ಇದೇ ಬರುತ್ತದೆ.

ಬೀಜೋಕ್ತಿಗೂ ಇದೇ ನಿಯಮ. ಮಕ್ಕಳೇ, ಈ ಲೆಕ್ಕವನ್ನು ಬರೆದುಕೊಳ್ಳಿ:

2/(ಯ² − 1) + 1/(ಯ + 1)

ಮೊದಲ ಕೆಲಸ, ಛೇದಗಳನ್ನು ಅಪವರ್ತಿಸುವುದು. ಯ² − 1 ಎಂದರೆ (ಯ − 1)(ಯ + 1). ಎರಡನೆಯ ಛೇದ ಯ + 1 ಮಾತ್ರ. ಅದು ಮೊದಲನೆಯದರ ಒಳಗೇ ಕುಳಿತಿದೆ. ಹಾಗಾಗಿ ಲ.ಸಾ.ಅ. (ಯ − 1)(ಯ + 1). ಮೊದಲ ಭಿನ್ನರಾಶಿಗೆ ಏನೂ ಮಾಡಬೇಕಿಲ್ಲ. ಎರಡನೆಯದರಲ್ಲಿ ಯ − 1 ಕಡಿಮೆ ಇದೆ, ಮೇಲೂ ಕೆಳಗೂ ಅದರಿಂದ ಗುಣಿಸಿ. ಈಗ ಅಂಶಗಳನ್ನು ಕೂಡಿ: 2 + ಯ − 1, ಅಂದರೆ ಯ + 1. ಉತ್ತರ (ಯ + 1)/((ಯ − 1)(ಯ + 1)). ಮೇಲೆ ಪೂರ್ತಿ ಅಂಶವಾಗಿ, ಕೆಳಗೆ ಅಪವರ್ತನವಾಗಿ ಯ + 1 ಇರುವುದರಿಂದ ಅದನ್ನು ಹೊಡೆದುಹಾಕಬಹುದು. ಉಳಿಯುವುದು 1/(ಯ − 1).

ಈಗ ಮೇಷ್ಟ್ರ ಪರೀಕ್ಷೆ. ಯ ಗೆ 3 ಹಾಕಿ. 2/8 ಮತ್ತು 1/4, ಅಂದರೆ ಕಾಲು ಮತ್ತು ಕಾಲು, ಒಟ್ಟು ಅರ್ಧ. ಉತ್ತರದಲ್ಲಿ 1/(3 − 1), ಅದೂ ಅರ್ಧ. ಒಂದು ಸಂಖ್ಯೆಗೆ ತಾಳೆಯಾದರೆ ಸೂತ್ರ ಸರಿ ಎಂದು ಸಾಬೀತಾಗುವುದಿಲ್ಲ, ಆದರೆ ಒಂದು ಸಂಖ್ಯೆಗೆ ತಾಳೆಯಾಗದಿದ್ದರೆ ಸೂತ್ರ ತಪ್ಪು ಎಂಬುದು ಖಂಡಿತ.

ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ. ನಾನು ಮೂರರಲ್ಲೂ ಜಾರಿದ್ದೇನೆ.

ಒಂದು, ಹೊಡೆದುಹಾಕುವ ಆತುರ. (ಯ + 3)/ಯ ಎಂದಿದ್ದರೆ ಎರಡು ಯ ಗಳನ್ನು ಹೊಡೆದು 3 ಎಂದು ಬರೆಯುವ ಆಸೆಯಾಗುತ್ತದೆ. ಯ ಗೆ 3 ಹಾಕಿ ನೋಡಿ, 6/3 ಎಂದರೆ 2, ಮೂರಲ್ಲ. ಕೂಡಿದ ಪದವನ್ನು ಹೊಡೆಯುವಂತಿಲ್ಲ, ಗುಣಿಸಿದ ಅಪವರ್ತನವನ್ನು ಮಾತ್ರ ಹೊಡೆಯಬಹುದು.

ಎರಡು, ಕಳೆಯುವಾಗ ಕಂಸ ಮರೆಯುವುದು. 1/(ಯ − 1) − 1/(ಯ + 1) ಎಂಬ ಲೆಕ್ಕದಲ್ಲಿ ಅಂಶ (ಯ + 1) − (ಯ − 1). ಕಂಸ ಬಿಟ್ಟು ಯ + 1 − ಯ − 1 ಎಂದು ಬರೆದರೆ ಸೊನ್ನೆ ಬರುತ್ತದೆ. ಋಣ ಚಿಹ್ನೆ ಕಂಸದ ಒಳಗಿನ ಇಬ್ಬರಿಗೂ ಅನ್ವಯಿಸುತ್ತದೆ, ಆದ್ದರಿಂದ ಸರಿಯಾದ ಅಂಶ 2. ಉತ್ತರ 2/(ಯ² − 1). ಗಮನಿಸಿದಿರಾ? ಇದು ಈಗಷ್ಟೇ ಮಾಡಿದ ಲೆಕ್ಕವೇ, ತಿರುಗಿಸಿ ಹಾಕಿದ್ದು.

ಮೂರು, ಸೊನ್ನೆಯ ಕರಾರು. ಮೊದಲ ಲೆಕ್ಕದಲ್ಲಿ ಯ ಗೆ 1 ಆಗಲಿ −1 ಆಗಲಿ ಹಾಕುವಂತಿಲ್ಲ, ಛೇದ ಸೊನ್ನೆಯಾಗುತ್ತದೆ. ಸಂಕ್ಷೇಪಿಸಿದ ಮೇಲೆ ಉಳಿದ 1/(ಯ − 1) ನೋಡಿದರೆ −1 ಹಾಕಬಹುದು ಎನಿಸುತ್ತದೆ. ಹಾಕುವಂತಿಲ್ಲ. ಹೊರಟಾಗ ಇದ್ದ ಕರಾರು ಊರು ಸೇರಿದ ಮೇಲೂ ಇರುತ್ತದೆ. ಸೊನ್ನೆಯಿಂದ ಭಾಗಿಸುವ ಜಾಗವನ್ನು ಮರೆತ ಪ್ರೋಗ್ರಾಂ ನಡುರಾತ್ರಿ ನಿಂತುಹೋಗಿ, ನಾನು ಎದ್ದು ಕುಳಿತು ಸರಿ ಮಾಡಿದ್ದುಂಟು.

ಇನ್ನು ನನ್ನ ತಪ್ಪಿನ ವಿಷಯ.

ಮೇಷ್ಟ್ರು ಆ ಪಾಠ ಮಾಡಿದ ದಿನ ನನ್ನ ಪಕ್ಕದ ಜಾಗ ಖಾಲಿ ಇತ್ತು. ನನ್ನ ಬೆಂಚಿನ ಗೆಳೆಯ ಶೇಂಗಾ ಕೀಳುವ ಕೆಲಸಕ್ಕೆ ಎರಡು ವಾರ ಹೊಲದಲ್ಲಿದ್ದ. ಅವನ ಕಥೆಯನ್ನು ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. “ಹೆಸರು ಹೇಳಬೇಡ, ಮಿಕ್ಕಿದ್ದೆಲ್ಲ ಹೇಳು” ಎಂದಿದ್ದಾನೆ. ಬಾಯಿಲೆಕ್ಕದಲ್ಲಿ ಅವನು ನನಗಿಂತ ಬಹಳ ಮುಂದಿದ್ದ. ಮರಳಿ ಬಂದವನು ನನ್ನ ನೋಟ್‌ಬುಕ್ ಕೇಳಿದ. ನಾಳೆ ಕೊಡ್ತೀನಿ ಎಂದೆ. ಮರುದಿನ ಮನೆಯಲ್ಲಿ ಮರೆತೆ ಎಂದೆ. ಮರೆತಿರಲಿಲ್ಲ, ಚೀಲದಲ್ಲೇ ಇತ್ತು. ಮುಂದಿನ ವಾರ ಟೆಸ್ಟ್ ಇತ್ತು, ಅದರಲ್ಲಾದರೂ ಅವನಿಗಿಂತ ಹೆಚ್ಚು ತೆಗೆಯಬೇಕು ಎಂಬ ಹೊಟ್ಟೆಕಿಚ್ಚು ನನಗಿತ್ತು. ಟೆಸ್ಟ್ ಮುಗಿಯಿತು, ಹೆಚ್ಚು ಅಂಕವೂ ಬಂತು. ಪಾಠ ಸಮೀಕರಣಗಳಿಗೆ ಹೋಯಿತು. ಅವನು ಮತ್ತೆ ಕೇಳಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಅವನು ಗಣಿತದಲ್ಲಿ ಫೇಲಾದ. ಇನ್ನೊಮ್ಮೆ ಕಟ್ಟಿದ, ಆಗಲಿಲ್ಲ, ಓದು ನಿಂತಿತು. ನನ್ನ ನೋಟ್‌ಬುಕ್ ಒಂದರಿಂದಲೇ ಹೀಗಾಯಿತು ಎಂದರೆ ಅದು ಸುಳ್ಳಾಗುತ್ತದೆ. ಮನೆಯ ಸಾಲ, ಕೈಕೊಟ್ಟ ಮಳೆ, ಅಪ್ಪನ ಕಾಯಿಲೆ ಎಲ್ಲವೂ ಇದ್ದವು. ಆದರೆ ಆ ಕಾರಣಗಳಲ್ಲಿ ಒಂದು ನನ್ನ ಚೀಲದಲ್ಲಿತ್ತು.

ಅವನು ಈಗ ನಮ್ಮೂರಿನ ನೀರಗಂಟಿ. ಹೋದ ಯುಗಾದಿಗೆ ಬಂದಾಗ ಅವನ ಜೊತೆ ಟ್ಯಾಂಕಿನ ಹತ್ತಿರ ಹೋಗಿದ್ದೆ. ಎರಡು ಬೋರು, ಎರಡು ಮೋಟಾರು. ಹಳೆಯದೊಂದೇ ಓಡಿದರೆ ಟ್ಯಾಂಕ್ ತುಂಬಲು 12 ಗಂಟೆ, ಹೊಸದೊಂದೇ ಓಡಿದರೆ 6 ಗಂಟೆ ಎಂದ. “ಎರಡೂ ಹಾಕಿದ್ರೆ?” ಎಂದೆ. “ನಾಲ್ಕು ಗಂಟೆ.” ಯೋಚಿಸಲೂ ಇಲ್ಲ. “ಹೇಗೋ?” ಎಂದೆ. “ಟ್ಯಾಂಕನ್ನ ಹನ್ನೆರಡು ಪಾಲು ಅಂದ್ಕೋ. ಹಳೇದು ಗಂಟೆಗೆ ಒಂದು ಪಾಲು ತುಂಬ್ತದೆ, ಹೊಸದು ಎರಡು ಪಾಲು. ಒಟ್ಟು ಮೂರು. ಹನ್ನೆರಡು ಪಾಲಿಗೆ ನಾಲ್ಕು ಗಂಟೆ ಸಾಕಲ್ಲ?”

ಸಭಿಕರೇ, ಇದೇ ಆ ಲೆಕ್ಕ. 1/12 + 1/6 ಎಂದರೆ 1/12 + 2/12, ಒಟ್ಟು 3/12, ಅಂದರೆ 1/4. ಯಾವ ಪಾಠದಲ್ಲಿ ಅವನು ಗೈರುಹಾಜರಾಗಿದ್ದನೋ ಅದನ್ನು ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡುತ್ತಿದ್ದಾನೆ. “ಪರೀಕ್ಷೇಲಿ ಇಂಥದ್ದು ಬಂದಾಗ ಎಕ್ಸ್ ನೋಡಿದ ಕೂಡಲೇ ಬಿಟ್ಟುಬಿಡ್ತಿದ್ದೆ ಮಾರಾಯ” ಎಂದ.

ನಿನ್ನೆ ರಾತ್ರಿ ಅವನ ಮನೆಯ ಕಟ್ಟೆಯ ಮೇಲೆ ಕುಳಿತು ಅದೇ ಟ್ಯಾಂಕನ್ನು ಎಕ್ಸ್ ಹಾಕಿ ಬರೆದೆ. ಹಳೆಯ ಮೋಟಾರಿಗೆ ಯ ಗಂಟೆ ಬೇಕು, ಹೊಸದಕ್ಕೆ ಅದಕ್ಕಿಂತ 6 ಗಂಟೆ ಕಡಿಮೆ, ಎರಡೂ ಸೇರಿ 4 ಗಂಟೆಗೆ ತುಂಬುತ್ತವೆ. ಹಾಗಾದರೆ 1/ಯ + 1/(ಯ − 6) = 1/4. ಎಡಗಡೆ ಛೇದ ಒಂದು ಮಾಡಿದರೆ (2ಯ − 6)/(ಯ(ಯ − 6)). ಅಡ್ಡ ಗುಣಿಸಿದರೆ 8ಯ − 24 = ಯ² − 6ಯ. ಅಂದರೆ ಯ² − 14ಯ + 24 = 0. ಅಪವರ್ತಿಸಿದರೆ (ಯ − 12)(ಯ − 2) = 0. ಯ ಗೆ 12 ಅಥವಾ 2.

“12 ಸರಿ. 2 ಅನ್ನೋದನ್ನ ಬಿಡಬೇಕು” ಎಂದು ನಾನು ಪುಸ್ತಕದ ಮಾತು ಹೇಳಿದೆ. “ಯಾಕೆ ಬಿಡಬೇಕು?” ಎಂದ. “2 ಆದರೆ ಹೊಸ ಮೋಟಾರಿಗೆ 2 − 6, ಅಂದರೆ ಮೈನಸ್ 4 ಗಂಟೆ. ಅದಕ್ಕೆ ಅರ್ಥ ಇಲ್ಲ.” ಅವನು ಸ್ವಲ್ಪ ಹೊತ್ತು ಕಾಗದ ನೋಡಿ ಹೇಳಿದ: “ಅರ್ಥ ಯಾಕಿಲ್ಲ? ಅದು ಮೋಟಾರಲ್ಲ, ತೆರೆದಿಟ್ಟ ವಾಲ್ವು. 2 ಗಂಟೇಲಿ ತುಂಬೋ ಮೋಟಾರು ಒಂದು ಕಡೆ, 4 ಗಂಟೇಲಿ ಖಾಲಿ ಮಾಡೋ ವಾಲ್ವು ಇನ್ನೊಂದು ಕಡೆ. ಆಗಲೂ ಟ್ಯಾಂಕು ತುಂಬೋಕೆ 4 ಗಂಟೇನೇ.” ನಾನು ಲೆಕ್ಕ ಹಾಕಿದೆ. 1/2 − 1/4 = 1/4. ಸರಿಯಾಗಿತ್ತು. ನಮ್ಮ ಟ್ಯಾಂಕಿಗೆ ಉತ್ತರ 12 ಮಾತ್ರ, ಏಕೆಂದರೆ ಅಲ್ಲಿರುವುದು ಎರಡು ಮೋಟಾರು. ಆದರೆ ಆ 2 ಏನು ಹೇಳುತ್ತಿದೆ ಎಂದು ಬಿ.ಇ. ಮುಗಿಸಿದ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದವನು ಹೇಳಿಕೊಟ್ಟ.

ಮಕ್ಕಳೇ, ಈ ಒಂದು ಲೆಕ್ಕ ತಪ್ಪಿಸಿಕೊಂಡರೆ ಗಣಿತ ಮಾತ್ರ ಹೋಗುವುದಿಲ್ಲ. ವಿಜ್ಞಾನದಲ್ಲಿ ಸಮಾಂತರವಾಗಿ ಜೋಡಿಸಿದ ರೋಧಗಳ ಪಾಠ ಬರುತ್ತದೆ. 12 ಓಮ್ ಮತ್ತು 6 ಓಮ್ ರೋಧಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 4 ಓಮ್. ಟ್ಯಾಂಕಿನ ಲೆಕ್ಕವೇ, ನೀರಿನ ಬದಲು ವಿದ್ಯುತ್. ಮಸೂರದ ಸೂತ್ರದಲ್ಲೂ ಹೀಗೇ ಒಂದರ ಕೆಳಗಿನ ಛೇದಗಳು. ಮುಂದೆ ಬಿ.ಇ.ಯಲ್ಲಿ 2/(ಯ² − 1) ಎಂಬುದನ್ನು ಮತ್ತೆ ಒಡೆದು 1/(ಯ − 1) − 1/(ಯ + 1) ಮಾಡಿಸುತ್ತಾರೆ, ಅದಕ್ಕೆ ಆಂಶಿಕ ಭಿನ್ನರಾಶಿ ಎಂದು ಹೆಸರು. ನನ್ನ ಪಕ್ಕ ಕುಳಿತವರು ಹೊಸ ವಿಷಯ ಎಂದು ಬೆವರುತ್ತಿದ್ದಾಗ ನನಗೆ ಈ ಹೆಂಚಿನ ಕೊಠಡಿ ಕಾಣಿಸುತ್ತಿತ್ತು.

ಮಾರ್ಕ್ಸ್ ಕಾರ್ಡಿನ ಪ್ರಶ್ನೆಯೂ ನನ್ನನ್ನು ಬಿಟ್ಟಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವರದಿಯ ಪ್ರೋಗ್ರಾಂ ಬರೆದೆ. ಒಂದು ಶಾಖೆಯಲ್ಲಿ 10 ಆರ್ಡರುಗಳಲ್ಲಿ 9 ಸಮಯಕ್ಕೆ ತಲುಪಿದ್ದವು, ಶೇ. 90. ಇನ್ನೊಂದರಲ್ಲಿ 100ರಲ್ಲಿ 50, ಶೇ. 50. ನಾನು ಎರಡರ ಸರಾಸರಿ ತೆಗೆದು ಒಟ್ಟಾರೆ ಶೇ. 70 ಎಂದು ತೋರಿಸಿದೆ. ನಿಜವಾಗಿ 110ರಲ್ಲಿ 59, ಅಂದರೆ ಶೇ. 54ಕ್ಕೂ ಸ್ವಲ್ಪ ಕಡಿಮೆ. ಇಲ್ಲಿ ಪೂರ್ಣಗಳೇ ಬೇರೆ ಬೇರೆ ಇದ್ದವು, ಹಾಗಾಗಿ ಮಾರ್ಕ್ಸ್ ಕಾರ್ಡಿನ ಹಾಗೆ ಮೇಲೂ ಕೆಳಗೂ ಕೂಡಬೇಕಿತ್ತು. ಮೇಲಧಿಕಾರಿಯ ಮುಂದೆ ತಲೆ ತಗ್ಗಿಸಿ ನಿಂತಾಗ ಮೇಷ್ಟ್ರ ದನಿಯೇ ಕೇಳಿಸಿತು: ಯಾವುದರ ಭಾಗ? ಅಂದಿನಿಂದ ಯಾವ ಪ್ರೋಗ್ರಾಂ ಬರೆದರೂ ಸಣ್ಣ ಸಣ್ಣ ಸಂಖ್ಯೆ ಹಾಕಿ ಕೈಯಲ್ಲಿ ಲೆಕ್ಕ ಮಾಡಿ ತಾಳೆ ನೋಡದೆ ಕಳಿಸುವುದಿಲ್ಲ. ನಮ್ಮ ಕಚೇರಿಯಲ್ಲಿ ಅದಕ್ಕೆ ಟೆಸ್ಟಿಂಗ್ ಎನ್ನುತ್ತಾರೆ. ನನಗೆ ಅದು ಮೇಷ್ಟ್ರು ಕೇಳಿದ ಅರ್ಧ ರೊಟ್ಟಿ.

ಕೊನೆಯದಾಗಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟುತ್ತೇವೆ, ಸಂತೋಷ. ಅದರ ಜೊತೆ ಪ್ರತಿ ತರಗತಿಗೂ ಒಂದು ದಪ್ಪ ನೋಟ್‌ಬುಕ್ ಇಡೋಣ. ಆ ದಿನದ ಗಣಿತದ ಪಾಠವನ್ನು ದಿನಕ್ಕೊಬ್ಬರಂತೆ ಮಕ್ಕಳು ಅದರಲ್ಲಿ ಅಂದವಾಗಿ ಬರೆದಿಡಲಿ. ಶೇಂಗಾ ಕೀಳಲು ಹೋದವರು, ಕುರಿ ಕಾಯಲು ಹೋದವರು, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಹೆಣ್ಣುಮಕ್ಕಳು, ಜ್ವರ ಬಂದು ಮಲಗಿದವರು, ಮರಳಿ ಬಂದಾಗ ಯಾರನ್ನೂ ಬೇಡದೆ ಅದನ್ನು ತೆಗೆದು ಓದಿಕೊಳ್ಳಲಿ. ಯಾರ ಹೊಟ್ಟೆಕಿಚ್ಚೂ ಅದಕ್ಕೆ ಅಡ್ಡ ಬರಬಾರದು. ಆ ನೋಟ್‌ಬುಕ್‌ಗಳ ಖರ್ಚು ಪ್ರತಿ ವರ್ಷ ನನ್ನದು. ತಿಂಗಳ ಎರಡನೇ ಶನಿವಾರ ಸಂಜೆ ನಾನು ಬಂದು ಮಕ್ಕಳ ಜೊತೆ ಕುಳಿತುಕೊಳ್ಳುತ್ತೇನೆ. ನನ್ನ ಗೆಳೆಯನೂ ಬರಲು ಒಪ್ಪಿದ್ದಾನೆ. ಭಿನ್ನರಾಶಿ ಅವನು ಹೇಳಿಕೊಡುತ್ತಾನೆ, ಎಕ್ಸ್ ನಾನು ಹೇಳಿಕೊಡುತ್ತೇನೆ. ಅವನು ಈ ವರ್ಷ ಖಾಸಗಿ ಅಭ್ಯರ್ಥಿಯಾಗಿ ಮತ್ತೆ ಗಣಿತ ಪರೀಕ್ಷೆಗೆ ಕಟ್ಟುತ್ತಾನಂತೆ. ನಿನ್ನೆ ರಾತ್ರಿ ಹೊರಡುವಾಗ ಹೇಳಿದ.

ಹೊರಡುವ ಮೊದಲು ನನ್ನ ಆ ಹಳೆಯ ನೋಟ್‌ಬುಕ್ಕನ್ನು ಅವನಿಗೆ ಕೊಟ್ಟೆ. ಅವ್ವ ಅಟ್ಟದ ಮೇಲೆ ಕಟ್ಟಿಟ್ಟಿದ್ದಳು. ಅಂಚು ಗೆದ್ದಲು ತಿಂದಿದೆ, ಲೆಕ್ಕ ಉಳಿದಿದೆ. ಅವನು ಪುಟ ತಿರುಗಿಸಿ, “ನಾಳೆ ಕೊಡ್ತೀನಿ ಅಂದಿದ್ದೆ ನೀನು” ಎಂದ. ಅವನು ನೆನಪಿಟ್ಟುಕೊಂಡಿದ್ದ.

ಆ ದಿನ ನಗದೆ, ಬೆತ್ತ ಮುಟ್ಟದೆ, ಒಬ್ಬ ಹುಡುಗನ ತಪ್ಪಿಗೆ ಇಡೀ ಒಂದು ಪೀರಿಯಡ್ ಕೊಟ್ಟ ನನ್ನ ಮೇಷ್ಟ್ರಿಗೆ ಇಲ್ಲಿಂದಲೇ ತಲೆಬಾಗುತ್ತೇನೆ. ಮಕ್ಕಳೇ, ತಪ್ಪು ಉತ್ತರ ಬರೆಯಲು ಹೆದರಬೇಡಿ, ಯಾಕೆ ಹಾಗೆ ಬರೆದೆ ಎಂದು ಹೇಳಲು ಮಾತ್ರ ಸಿದ್ಧರಾಗಿರಿ. ಪಕ್ಕದವರು ನೋಟ್‌ಬುಕ್ ಕೇಳಿದರೆ ಅವತ್ತೇ ಕೊಡಿ.